ಇಂಗ್ಲಿಷಿಗೆ ನೊಗ ಹೂಡಿದ ಮಾಸ್ತರು

ಕೇಳಿದಿರೇನ್ರಪ್ಪ, ಇವತ್ತು ನಮ್ಮ ಲಿಂಗಸುಗೂರು ಶಾಲೆಗೆ ನಿಜಾಮ್ ಸರ್ಕಾರದ ಇನ್‌ಸ್ಪೆಕ್ಟರ್ ಸಾಹೇಬರು ಬಂದಿದ್ದರು. ಇಂಗ್ಲಿಷ್ ಮಾಸ್ತರು ಬಸಣ್ಣನವರ ತರಗತಿಯಲ್ಲಿ ಹುಡುಗರು ಇಬ್ಬಿಬ್ಬರಾಗಿ ಹೆಗಲ ಮೇಲೆ ನಿಜವಾದ ನೊಗ ಹೊತ್ತು ನಿಂತಿದ್ದರು! ಒಬ್ಬನ ಎದೆಯ ಚೀಟಿಯಲ್ಲಿ ‘ಡ್ರಾ’, ಪಕ್ಕದವನ ಚೀಟಿಯಲ್ಲಿ ‘ಕನ್‌ಕ್ಲೂಷನ್’.

“ಏನ್ರೀ ಈ ತಮಾಷಾ?” ಸಾಹೇಬರು ಗುಡುಗಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ಮಾಸ್ತರ ನೌಕರಿ ಹೋಯಿತೆಂದೇ ತಿಳಿದೆ.

ಬಸಣ್ಣನವರು ಜಗ್ಗಲಿಲ್ಲ. “ಸಾಹೇಬ್ರ, ಪಂಡಿತರ ಇಂಗ್ಲಿಷ್‌ನಾಗ ಪದ ಒಂಟಿಯಾಗಿ ನಡ್ಯಂಗಿಲ್ರಿ. ತೀರ್ಮಾನಕ್ಕ ಬರೋದಕ್ಕ ‘ಡ್ರಾ ಎ ಕನ್‌ಕ್ಲೂಷನ್’ ಅನ್ನಬೇಕು; ‘ಕನ್‌ಕ್ಲೂಷನ್’ ಜೋಡಿ ‘ಡೂ’ ಕಟ್ಟಿದ್ರ ಬಂಡಿ ಹಳ್ಳಕ್ಕ ಬೀಳ್ತದ. ಇವ್ರು ರೈತರ ಮಕ್ಕಳು, ಜೋಡಿ ನೋಡಿ ಕಟ್ಟೋದು ಗೊತ್ತದ.”

ಸಾಹೇಬರು ಒಂದೊಂದೇ ಪದ ಹೇಳಿ ಜೋಡಿ ಕೇಳಿದರು. ಒಬ್ಬನೂ ತಪ್ಪಲಿಲ್ಲ. ಎಂಥ ಮಾಸ್ತರಪ್ಪಾ!

ಆಮೇಲೆ ಸಾಹೇಬರು ಇಂಗ್ಲಿಷಿನಲ್ಲಿ ವರದಿ ಬರೆಯಲು ಕೂತರು. ಲೇಖನಿ ಮೊದಲ ಸಾಲಿನಲ್ಲೇ ನಿಂತಿತು. ಮೆಲ್ಲಗೆ ಕರೆದರು: “ಮಾಸ್ತರ್ ಸಾಬ್, ಈ ‘ಇನ್‌ಸ್ಪೆಕ್ಷನ್’ಗೆ ಯಾವ ಎತ್ತು ಕಟ್ಟಬೇಕ್ರಿ?”