ಹಂಪ್ ಬಂತು, ಇಳೀರಿ

ನಮ್ಮ ಯಜಮಾನರ ಕಾರು ಬಹಳ ಜೋರಾಗಿ ಓಡುತ್ತದೆ ಎಂಬುದು ದಾಂಡೇಲಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಓಡಿದ್ದನ್ನು ಕಂಡವರು ಮಾತ್ರ ಕಡಿಮೆ. ನಾನು ಅದರಲ್ಲಿ ಕೂತವಳು, ಅದಕ್ಕಿಂತ ಹೆಚ್ಚಾಗಿ ಅದರ ಹಿಂದೆ ನಡೆದವಳು. ಹೀಗಾಗಿ ಅದರ ಬಗ್ಗೆ ಮಾತಾಡುವ ಹಕ್ಕು ನನಗೆ ಉಳಿದವರಿಗಿಂತ ಒಂದು ಕೈ ಹೆಚ್ಚೇ ಇದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅವರು ಕಾಗದದ ಮಿಲ್ಲಿನಲ್ಲಿ ಸೂಪರ್‌ವೈಸರ್, ನಾನು ಹಳಿಯಾಳದ ಒಂದು ಶಾಲೆಯಲ್ಲಿ ಟೀಚರ್. ಧಾರವಾಡ ಕಡೆಯ ಹಳ್ಳಿಯಿಂದ ಬಂದ ಅತ್ತೆ ನಮ್ಮ ಜೊತೆಗೇ ಕ್ವಾರ್ಟರ್ಸಿನಲ್ಲಿದ್ದರು. ಒಂದು ಭಾನುವಾರ ಬೆಳಗಾವಿಗೆ ಹೋದ ಯಜಮಾನರು ಸಂಜೆ ಕೆಂಪು ಕಾರೊಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿ, ಯಾರೂ ಹೊರಗೆ ಬರದಿದ್ದಾಗ ಮತ್ತೆ ಮತ್ತೆ ಹಾರ್ನ್ ಹೊಡೆದರು. ಯಾರೋ ಸಾಹುಕಾರರ ಮಗ ಓಡಿಸಿ ಬೇಸರ ಬಂದು ಮಾರಿದ್ದು. ನೋಡಲು ಪುಟ್ಟ ಗಾಡಿ, ಹಿಂಬಾಗಿಲನ್ನೇ ಮೇಲಕ್ಕೆತ್ತಿ ಸಾಮಾನು ಇಡುವಂಥದ್ದು. ಆದರೆ ಒಳಗೆ ದೊಡ್ಡ ಗಾಡಿಯ ಎಂಜಿನ್, ಕೆಳಗೆ ಅಗಲವಾದ ಟಯರು, ಮೇಲೆ ಹಿಂಬದಿಗೆ ಒಂದು ರೆಕ್ಕೆ. ಆ ರೆಕ್ಕೆಯ ಮೇಲೆ ಅತ್ತೆ ಮರುದಿನವೇ ಒಗೆದ ಟವೆಲ್ ಒಣಹಾಕಿ ಮಗನಿಂದ ಬೈಸಿಕೊಂಡರು.

"ಇದು ಸ್ಪೋರ್ಟಿ ಗಾಡಿ ಅವ್ವಾ" ಎಂದರು ಇವರು.

"ಹಂಗಂದ್ರ?"

"ಪಿಕಪ್ ಭಾಳ ಐತಿ."

ಅತ್ತೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಒಳಗೆ ಕೂತರು. ಸೀಟು ಎಷ್ಟು ಕೆಳಗಿತ್ತೆಂದರೆ ಅವರು ಹತ್ತಲಿಲ್ಲ, ಇಳಿದರು. "ಕುರ್ಚಿ ಅಂತ ಕುಂತ್ರ ಬಾವಿ ಆತಲ್ಲೋ ತಮ್ಮಾ" ಎಂದರು. ಎಬ್ಬಿಸಲು ನಾವಿಬ್ಬರೂ ಬೇಕಾಯಿತು.

ನನಗೆ ಅಂದು ನಿಜವಾಗಿಯೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಹಳಿಯಾಳ ತಾಲೂಕಿನ ಕಬ್ಬಿನ ಊರಿನ ಮಗಳು. ಅಪ್ಪನ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹೊಲದಿಂದ ರಸ್ತೆಯವರೆಗೆ ಕಬ್ಬು ಸಾಗಿಸಿದವಳು, ಅದೂ ಲಂಗ ದಾವಣಿ ಉಟ್ಟ ವಯಸ್ಸಿನಲ್ಲಿ. ಗಾಡಿ ಹೊಡೆಯುವುದು ನನಗೆ ಕಾಲುನಡಿಗೆಯಷ್ಟೇ ಸಲೀಸು. "ನಾನೂ ಇದನ್ನ ತಗೊಂಡು ಸಾಲಿಗೆ ಹೋಗಬಹುದಲ್ರೀ" ಎಂದೆ. "ಯಾಕಾಗವಲ್ದು? ಕಲಸ್ತೇನಿ" ಎಂದರು. ಆ ಮಾತನ್ನು ನಾನು ನಂಬಿದೆ.

ನನಗೆ ಯಾಕೆ ಅದು ಬೇಕಿತ್ತು ಎಂದು ಕೇಳಿದರೆ, ಬೆಳಗಿನ ಹಳಿಯಾಳ ಬಸ್ಸನ್ನು ಒಮ್ಮೆ ಹತ್ತಿ ನೋಡಬೇಕು. ಕಬ್ಬಿನ ಹಂಗಾಮು ಶುರುವಾದರಂತೂ ಕಟಾವಿನ ಗ್ಯಾಂಗಿನವರು, ಅವರ ಕೊಡ, ಕೋಳಿ, ಹಾಸಿಗೆ ಸುರುಳಿ, ಎಲ್ಲ ಒಳಗೆ. ನಾನು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮಕ್ಕಳ ಪೇಪರಿನ ಚೀಲ ಹಿಡಿದು ಊರು ಮುಟ್ಟುವತನಕ ನಿಂತೇ ಹೋಗಬೇಕು. ತಡವಾದರೆ ಹೆಡ್‌ಮಾಸ್ತರರು ಗಡಿಯಾರವನ್ನು ನೋಡಿ ನಂತರ ನನ್ನನ್ನು ನೋಡುತ್ತಿದ್ದರು. ಅತ್ತ ಇವರ ಮಿಲ್ಲು ಕ್ವಾರ್ಟರ್ಸಿನಿಂದ ಕೂಗಳತೆ ದೂರ. ಸೈರನ್ ಹೊಡೆದ ಮೇಲೆ ಚಪ್ಪಲಿ ಮೆಟ್ಟಿ ಹೊರಟರೂ ಶಿಫ್ಟಿಗೆ ಮುಟ್ಟಬಹುದು. ಅಂದರೆ ನಾನು ಬಸ್ಸಿನಲ್ಲಿ ಜೋತುಬಿದ್ದಿರುವಾಗ, ಆ ಸ್ಪೋರ್ಟಿ ಗಾಡಿ ಬಟ್ಟೆ ಹೊದ್ದು ಮನೆಯ ಮುಂದೆ ಮಲಗಿರುತ್ತಿತ್ತು. ಈ ಲೆಕ್ಕ ಯಾರಿಗೂ ಯಾಕೆ ತಪ್ಪೆನಿಸಲಿಲ್ಲವೋ ದೇವರೇ ಬಲ್ಲ.

ಕಲಿಸುವ ಮಾತಿಗೆ ಕಾರಣಗಳು ಒಂದರ ಹಿಂದೊಂದು ಬಂದವು. ಕ್ಲಚ್ ಗಟ್ಟಿ. ಪೆಟ್ರೋಲ್ ಭಾಳ ಕುಡಿತೈತಿ. ಮಳಿ ಮುಗೀಲಿ. ಟ್ರ್ಯಾಕ್ಟರ್ ಬ್ಯಾರೆ, ಇದು ಬ್ಯಾರೆ. ಕಡೆಗೆ "ಇದು ಹೆಂಗಸರ ಗಾಡಿ ಅಲ್ಲ" ಎಂಬಲ್ಲಿಗೆ ಬಂದು ನಿಂತರು. ಅವತ್ತು ನನಗೆ ಮೈಯೆಲ್ಲ ಉರಿಯಿತು. ಶಾಲೆ ಬಿಟ್ಟ ಮೇಲೆ ಹಳಿಯಾಳದಲ್ಲೇ ಡ್ರೈವಿಂಗ್ ಕ್ಲಾಸಿಗೆ ಹೋಗಿ, ಲೈಸೆನ್ಸ್ ತಂದು ಅವರ ಊಟದ ತಾಟಿನ ಪಕ್ಕದಲ್ಲಿಟ್ಟೆ. ರೊಟ್ಟಿ ಮುರಿಯುತ್ತಲೇ ತಿರುಗಿಸಿ ನೋಡಿದರು.

"ಫೋಟೋ ಚಲೋ ಬಂದೈತಿ" ಎಂದರು.

ಇನ್ನು ಆ ಗಾಡಿಯೊಡನೆ ಬಾಳುವೆ ಮಾಡಿದ ಬಗೆ ಹೇಳಬೇಕು. ಅದರ ಹೊಟ್ಟೆಗೂ ನೆಲಕ್ಕೂ ಒಂದು ಗೇಣು ಅಂತರವೂ ಇರಲಿಲ್ಲ. ನಮ್ಮ ಕಡೆಯ ಹಂಪುಗಳನ್ನು ಸರಕಾರ ಕಟ್ಟುವುದಕ್ಕಿಂತ ಊರವರು ಕಟ್ಟುವುದೇ ಹೆಚ್ಚು. ಟ್ರ್ಯಾಕ್ಟರಿಗೆ ಒಂದು ಆಡು ಸಿಕ್ಕಿತೋ, ಮರುದಿನ ಬೆಳಗಾಗುವಷ್ಟರಲ್ಲಿ ಕಲ್ಲು ಮಣ್ಣು ಸುರಿದು ಒಂದು ಗುಡ್ಡ ಎಬ್ಬಿಸಿರುತ್ತಾರೆ. ಮೊದಲನೆಯ ವಾರವೇ ಅಂಥದೊಂದರ ಮೇಲೆ ಗಾಡಿಯ ತಳ ಉಜ್ಜಿ ಕರ್ರೆಂದು ಸದ್ದಾಯಿತು. ಇವರ ಮುಖ ನೋಡಬೇಕಿತ್ತು. ನನಗೆ ಟೈಫಾಯ್ಡ್ ಜ್ವರ ಏರಿದಾಗಲೂ ಅಷ್ಟು ಕಪ್ಪಿಟ್ಟಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಕಾನೂನು ಬಂತು. ಹಂಪ್ ಕಂಡ ಕೂಡಲೇ ಗಾಡಿ ನಿಲ್ಲಿಸಿ, "ಹಂಪ್ ಬಂತು, ಇಳೀರಿ" ಅನ್ನುವರು. ಭಾರ ಕಡಿಮೆಯಾದರೆ ಗಾಡಿ ಎರಡು ಬೆರಳು ಮೇಲೇಳುತ್ತದಂತೆ. ಅತ್ತೆಯನ್ನು ನಾನು ಎಳೆದು ಎಬ್ಬಿಸಬೇಕು. ನಾವಿಬ್ಬರೂ ಹಂಪ್ ದಾಟಿ ಆಚೆ ಹೋಗಿ ನಿಲ್ಲಬೇಕು. ಅವರು ಒಬ್ಬರೇ ಕೂತು, ಕುತ್ತಿಗೆ ಕಿಟಕಿಯಾಚೆ ಹಾಕಿ, ಗಾಡಿಯನ್ನು ನೆಟ್ಟಗೆ ಹಂಪಿನ ಮೇಲೆ ಹತ್ತಿಸಿ ಇಳಿಸಬೇಕು. ಆಮೇಲೆ ಅತ್ತೆಯನ್ನು ಮತ್ತೆ ಆ ಬಾವಿಗೆ ಇಳಿಸಬೇಕು. ಹೀಗೆ ನಾವು ಹಳಿಯಾಳ ತಾಲೂಕಿನ ಅರ್ಧದಷ್ಟು ನಡೆದೇ ನೋಡಿದೆವು. ಕೆಟ್ಟು ನಿಂತಿದೆ ಎಂದು ತಿಳಿದು ಹೊಲದಲ್ಲಿದ್ದವರು ಓಡಿ ಬಂದು "ದಬ್ಬೂಣೇನ್ರೀ?" ಎಂದು ಕೇಳುತ್ತಿದ್ದರು. ಇವರು ಸಿಟ್ಟಿನಿಂದ ಎಂಜಿನ್ ಗುರ್ರೆನ್ನಿಸಿ ತೋರಿಸುತ್ತಿದ್ದರು.

ಹಂಪ್ ಇಲ್ಲದ ರಸ್ತೆಯಲ್ಲಾದರೂ ಸುಖವಿತ್ತೇ? ಒಮ್ಮೆ ಜೋಯಿಡಾ ದಾಟಿ ಅಣಶಿಗೆ ಹೋಗೋಣ, ಗಾಡಿಯ ಕಸುವು ಅಲ್ಲಿ ತೋರಿಸುತ್ತೇನೆ ಎಂದು ಕರೆದುಕೊಂಡು ಹೊರಟರು. ದಾಂಡೇಲಿ ಬಿಟ್ಟ ಸ್ವಲ್ಪ ಹೊತ್ತಿಗೇ ಮುಂದೆ ಜಲ್ಲಿಕಲ್ಲು ತುಂಬಿದ ಲಾರಿ ಸಿಕ್ಕಿತು. ತಿರುವಿನ ಮೇಲೆ ತಿರುವು, ದಾಟಲು ಜಾಗವಿಲ್ಲ. ಲಾರಿ ಎತ್ತಿನಗಾಡಿಯ ವೇಗದಲ್ಲಿ, ನಾವು ಲಾರಿಯ ಹೊಗೆಯಲ್ಲಿ. ಇವರು ಗೇರ್ ಬದಲಿಸುತ್ತ, ನಿಟ್ಟುಸಿರು ಬಿಡುತ್ತ, "ರಸ್ತೆ ಸರಿ ಇಲ್ಲ, ಇಲ್ಲಂದ್ರ ತೋರಸ್ತಿದ್ದೆ" ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಣ್ಣ ಕುಳಿ ಸಿಕ್ಕರೂ ಆ ಬಿಗಿ ಸೀಟು ಬೆನ್ನುಮೂಳೆಗೆ ಗುದ್ದುತ್ತಿತ್ತು. ಅತ್ತೆ ಅಣಶಿಯಲ್ಲಿ ಇಳಿದವರೇ ಒಂದು ಕಲ್ಲಿನ ಮೇಲೆ ಕೂತು, "ಇನ್ನ ನಾ ಬಸ್ಸಿಗೆ ಬರ್ತೇನಿ" ಎಂದರು. ಬರುವಾಗ ಬಸ್ಸು ಸಿಗಲಿಲ್ಲ ಎಂಬುದಷ್ಟೇ ಆ ಕಾರಿನ ಭಾಗ್ಯ.

ಮಿಲ್ಲಿನ ಗೇಟಿನ ಎದುರಿನ ಚಹಾದ ಅಂಗಡಿಯಲ್ಲಿ ಮಾತ್ರ ಆ ಗಾಡಿ ದಿನಾಲೂ ಓಡುತ್ತಿತ್ತು. ಹುಬ್ಬಳ್ಳಿಗೆ ಎಷ್ಟು ಹೊತ್ತಿನಲ್ಲಿ ಮುಟ್ಟಿದೆ, ಗೋವಾದ ಘಟ್ಟದಲ್ಲಿ ಯಾರನ್ನು ಹಿಂದೆ ಹಾಕಿದೆ ಎಂದು ಇವರು ಹೇಳುತ್ತಿದ್ದರೆ ಜೊತೆಯವರು ಬಾಯಿ ಬಿಟ್ಟುಕೊಂಡು ಕೇಳುವರು. ಆ ಹುಬ್ಬಳ್ಳಿ ಪ್ರಯಾಣದಲ್ಲಿ ನಾನೂ ಇದ್ದೆ. ಹಂಪಿನ ಆಚೆ ನಿಂತು ಕಾದದ್ದನ್ನು ಬಿಟ್ಟರೆ ಉಳಿದ ವಿವರ ನನಗೆ ನೆನಪಿಲ್ಲ.

ಆ ವರ್ಷದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ನನ್ನ ತವರಿಗೆ ಹೊರಟೆವು. ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲಿ, ಅಲ್ಲೇ ಎಲ್ಲರೂ ಕೂತು ಉಣ್ಣುವ ಹಬ್ಬ. ಅತ್ತೆ ಎರಡು ದಿನದಿಂದ ಸಜ್ಜೆರೊಟ್ಟಿ ಬಡಿದು, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಮಾಡಿ ಬುತ್ತಿ ಕಟ್ಟಿದ್ದರು. ಮೊಣಕಾಲು ಬಾತಿತ್ತು, ಆದರೂ ಬೀಗರ ಹೊಲದ ಚರಗ ತಪ್ಪಿಸುವುದಿಲ್ಲವೆಂದು ಹಟ. ಮೊದಲ ಹಂಪ್ ಬಂತು, ಇಳಿದೆವು. ಎರಡನೆಯದಕ್ಕೆ "ಬುತ್ತಿ ಬುಟ್ಟಿನೂ ಇಳಸ್ರಿ, ಭಾರ ಐತಿ" ಎಂದರು. ಬುಟ್ಟಿ ನನ್ನ ತಲೆಯ ಮೇಲೆ ಬಂತು. ರೇಷ್ಮೆ ಸೀರೆ ಉಟ್ಟ ಟೀಚರಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು, ಮುದುಕಿಯ ಕೈ ಹಿಡಿದು ನಡೆಯುವುದನ್ನು, ಹಿಂದೆ ಖಾಲಿ ಕೆಂಪು ಕಾರು ತೆವಳುವುದನ್ನು ದಾರಿಯ ಮಂದಿ ನಿಂತು ನೋಡಿದರು.

ನನ್ನೂರಿನ ಹತ್ತಿರ ಹೊಸದಾಗಿ ಎಬ್ಬಿಸಿದ ಹಂಪ್ ಒಂದಿತ್ತು. ಇಳಿದೆವು. ಇವರು ನೆಟ್ಟಗೆ ಹತ್ತಿಸಿದರು. ಮುಂದಿನ ಗಾಲಿಗಳು ದಾಟಿದವು, ಹೊಟ್ಟೆ ಹಂಪಿನ ಮೇಲೆ ಕೂತಿತು. ಮುಂದಕ್ಕೆ ಒತ್ತಿದರೆ ಕರ್ರೆನ್ನುತ್ತದೆ, ಹಿಂದಕ್ಕೆ ಬಂದು ಮತ್ತೆ ಹತ್ತಿಸಿದರೆ ಮತ್ತೆ ಅದೇ. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತು ಹಾರ್ನ್ ಶುರುಮಾಡಿತು. ಅತ್ತೆ ದಂಡೆಯ ಕಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತ ನೋಡಿದರು, ನೋಡಿದರು. ಆಮೇಲೆ ಕೂಗಿದರು.

"ತಮ್ಮಾ, ಭಾರ ಕಡಿಮಿ ಆಗಲಿ ಅಂತಲ್ಲೇನು ನಮ್ಮನ್ನ ಇಳಸಿದ್ದು?"

"ಹೌದು ಅವ್ವಾ."

"ಮೂರೂ ಮಂದ್ಯಾಗ ಭಾರ ಯಾರು ಅದಾರ? ನೀನ. ನೀ ಇಳಿ."

ಟ್ರ್ಯಾಕ್ಟರಿನವರು ನಕ್ಕರು. ಇವರ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು ಎಂಬುದು ಗುಟ್ಟಿನ ಮಾತೇನಲ್ಲ.

"ನಾ ಇಳದ್ರ ಗಾಡಿ ಯಾರು ಹೊಡೀತಾರ?"

"ಆಕಿ ಹೊಡೀತಾಳ. ಅಪ್ಪನ ಟ್ರ್ಯಾಕ್ಟರ್ ಹೊಡದಾಕಿ ಆಕಿನೋ, ನೀನೋ?"

ಹಿಂದೆ ಹಾರ್ನ್, ಮುಂದೆ ತಾಯಿ. ಇವರು ಇಳಿದರು. ನಾನು ಬುಟ್ಟಿಯನ್ನು ಅವರ ಕೈಗೆ ಕೊಟ್ಟು, ಸೀಟು ಮುಂದೆ ಎಳೆದುಕೊಂಡು ಕೂತೆ. ಕ್ಲಚ್ ಗಟ್ಟಿಯೇನೂ ಇರಲಿಲ್ಲ. ಬೆಣ್ಣೆಯಂತೆ ಇತ್ತು.

ತುಂಬಿದ ಟ್ರೇಲರನ್ನು ಹೊಲದ ಒಡ್ಡು ದಾಟಿಸುವಾಗ ಯಾರೂ ನೆಟ್ಟಗೆ ಹತ್ತಿಸುವುದಿಲ್ಲ. ವಾರೆಯಾಗಿ, ಒಂದೊಂದೇ ಗಾಲಿಯನ್ನು ಒಡ್ಡಿಗೆ ಕೊಡುತ್ತ ಹೋಗುತ್ತಾರೆ. ಇಲ್ಲದಿದ್ದರೆ ಕಬ್ಬು ಮಗುಚುತ್ತದೆ. ನಾನು ಕಾರನ್ನು ಹಿಂದಕ್ಕೆ ತೆಗೆದು, ಮೂತಿ ತಿರುಗಿಸಿ, ಹಾಗೆಯೇ ವಾರೆಯಾಗಿ ಬಿಟ್ಟೆ. ಒಂದು ಗಾಲಿ ಹತ್ತಿ ಇಳಿಯಿತು, ಇನ್ನೊಂದು, ಮತ್ತೊಂದು. ತಳ ಎಲ್ಲೂ ತಾಗಲಿಲ್ಲ. ಹಿಂದಿನ ಟ್ರ್ಯಾಕ್ಟರಿನವನು ಶಿಳ್ಳೆ ಹಾಕಿದ.

ಅವರಿಬ್ಬರೂ ಬಂದು ಕೂತರು, ಇವರು ಹಿಂದಿನ ಸೀಟಿನಲ್ಲಿ, ಬುಟ್ಟಿ ತೊಡೆಯ ಮೇಲೆ. ಮುಂದಿನ ಹಂಪಿಗೆ ನಾನು ಯಾರಿಗೂ ಇಳಿಯಿರಿ ಎನ್ನಲಿಲ್ಲ. ಮೂವರೂ, ಬುತ್ತಿಯ ಸಮೇತ, ವಾರೆಯಾಗಿ ದಾಟಿದೆವು. ಸದ್ದಿಲ್ಲ. ಅತ್ತೆ ಹಿಂದೆ ತಿರುಗಿದರು.

"ತಮ್ಮಾ, ಹಿಂಗ ದಾಟಸಬಹುದು ಅನ್ನೂದು ನಿನಗ ಗೊತ್ತಿರಲಿಲ್ಲೇನು?"

"ಗೊತ್ತೈತಿ ಅವ್ವಾ. ಎಲ್ಲಾರೂ ಹಂಗ ದಾಟಸ್ತಾರ."

"ಮತ್ತ ನೀ ಯಾಕ ದಾಟಸಲಿಲ್ಲ?"

"ವಾರಿ ಮಾಡಿ ತೆವಳಕೋಂತ ಹೋದ್ರ ನೋಡಿದವರು ನಗತಾರ. ಇಂಥಾ ಗಾಡಿ ನೆಟ್ಟಗ ಹೋಗಬೇಕು."

ನನಗೆ ಮೊದಲು ಬಂದದ್ದು ನಗೆಯಲ್ಲ, ಸಿಟ್ಟು. ಅಷ್ಟು ದಿನ ಆ ಮುದುಕಿಯನ್ನು ಬಾವಿಯಿಂದ ಎತ್ತಿ ಬಾವಿಗೆ ಇಳಿಸಿದವಳು ನಾನು. ಕಣ್ಣಲ್ಲಿ ನೀರೂ ಬಂತು, ಅದೂ ಸಿಟ್ಟಿನದೇ. ಮುಂದೆ ಇನ್ನೊಂದು ಹಂಪ್ ಕಂಡಾಗ ಅತ್ತೆ ನನ್ನ ತೋಳು ಮುಟ್ಟಿದರು.

"ಇಲ್ಲಿ ನಿಲ್ಲಸವ್ವಾ" ಎಂದು, ಹಿಂದೆ ತಿರುಗಿ ನೋಡದೆಯೇ, "ತಮ್ಮಾ, ಇಳಿ" ಎಂದರು.

"ಯಾಕ? ಈಗ ತಾಗೂದಿಲ್ಲಲ್ಲ?"

"ತಾಗೂದಿಲ್ಲ. ಇಳಿ."

ಇವರು ಬುಟ್ಟಿ ಹಿಡಿದು ಇಳಿದರು, ನಡೆದರು, ಮತ್ತೆ ಹತ್ತಿದರು. ನನ್ನ ಅಪ್ಪನ ಹೊಲ ಮುಟ್ಟುವತನಕ ಅತ್ತೆ ಒಂದು ಹಂಪನ್ನೂ ಬಿಡಲಿಲ್ಲ. ಚರಗ ಚೆಲ್ಲುವಾಗ ಅವರ ಮುಖದಲ್ಲಿ ಇದ್ದ ತೃಪ್ತಿ ಪೂರ್ತಿ ಭೂಮಿತಾಯಿಗೆ ಸಂಬಂಧಿಸಿದ್ದಲ್ಲ ಎಂದು ನನ್ನ ಅನುಮಾನ.

ಮರುದಿನ ಬೆಳಿಗ್ಗೆ ಇವರಿಗೆ ಮೊದಲ ಶಿಫ್ಟು. ಅವರು ಹೋದ ಮೇಲೆ ನಾನು ಕಾರಿನ ಬಟ್ಟೆ ತೆಗೆದು ಮಡಚಿಟ್ಟೆ. ಕೀಲಿ ಬೇಕೆಂದು ಕೇಳಿರಲಿಲ್ಲ, ಕೇಳಿದರೆ ಇನ್ನೊಂದು ಕಾರಣ ಹುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನನ್ನಂತೆಯೇ ಕಾಯುತ್ತಿದ್ದ ಟೀಚರುಗಳನ್ನು ಹತ್ತಿಸಿಕೊಂಡೆ. ಅವರು ಮೊಣಕಾಲು ಎದೆಗೆ ತಾಗಿಸಿಕೊಂಡು, ಚೀಲಗಳನ್ನು ತಬ್ಬಿಕೊಂಡು, ದಾರಿಯುದ್ದ ನಕ್ಕರು. ಹೆಡ್‌ಮಾಸ್ತರರು ಬರುವ ಮೊದಲೇ ನಾವು ಶಾಲೆಯಲ್ಲಿದ್ದೆವು.

ಸಂಜೆ ಇವರು ಅಂಗಳದಲ್ಲೇ ಕಾಯುತ್ತಿದ್ದರು. ನಾನು ಇಳಿಯುವಷ್ಟರಲ್ಲಿ ಮೊಣಕಾಲೂರಿ ಕುಳಿತು ಕಾರಿನ ತಳ ನೋಡಿದರು. ಹೇಗೆ ಹೋದೆ, ಹೆದರಿಕೆಯಾಯಿತೇ, ದಣಿದೆಯಾ, ಒಂದೂ ಕೇಳಲಿಲ್ಲ.

"ಹಂಪಿಗೆ ಉಜ್ಜಿತೇನು?" ಎಂದರು.

"ಇಲ್ರೀ" ಎಂದೆ. "ಗಾಡಿ ತುಂಬ ಮಂದಿ ಇದ್ವಿ. ಯಾರೂ ಇಳೀಲಿಲ್ಲ."