ಒಂದೇ ಗುಂಡು

1997ರ ಮಳೆಗಾಲದಲ್ಲಿ ಕುಂದಾಪುರದ ಚಿತ್ರಮಂದಿರವೊಂದರಲ್ಲಿ ಯುದ್ಧದ ಸಿನಿಮಾ ನೋಡುತ್ತಿದ್ದವರು, ಅದೇ ಯುದ್ಧದಲ್ಲಿ ಹೋರಾಡಿದ್ದ ಮಾಜಿ ಸೈನಿಕರೊಬ್ಬರನ್ನು ಹೊಡೆದು ಅವರ ಬಲಗಣ್ಣು ಕಳೆದರು. ನಾನು ಅವರದೇ ಸಾಲಿನಲ್ಲಿ ಕುಳಿತಿದ್ದೆ.

ಆ ಮಾಜಿ ಸೈನಿಕರು ಹತ್ತಿರದ ವಂಡ್ಸೆಯವರು. ಅವರ ಪಕ್ಕದಲ್ಲಿದ್ದದ್ದು ನಮ್ಮ ಮನೆಗೆ ಮೀನು ತರುತ್ತಿದ್ದ ಹೆಂಗಸು. ಆಕೆಯ ಅಣ್ಣ 1971ರಲ್ಲಿ ಮರುಭೂಮಿಯ ಕಾಳಗದಲ್ಲಿ ಸತ್ತಿದ್ದ. ಹೆಣ ಊರಿಗೆ ಬರಲಿಲ್ಲ. ಒಂದೇ ಗುಂಡು, ನೋವೇ ಗೊತ್ತಾಗಲಿಲ್ಲ ಎಂದು ಯುದ್ಧದಲ್ಲಿ ಅವನ ಜೊತೆಗಿದ್ದ ಇವರು ಬಂದು ಆಕೆಗೆ ಹೇಳಿದ್ದರು. ಮೀನು ಕೊಡುವಾಗಲೂ ಆಕೆ ಅದನ್ನೇ ಹೇಳುತ್ತಿದ್ದಳು. ಈ ಸೈನಿಕರ ಅಂಗೈಗಳು ಸುಟ್ಟು ಬೆರಳುಗಳು ಮಡಚಿಕೊಂಡಿದ್ದವು. ಶಿಬಿರದ ಅಡುಗೆ ಒಲೆ ಸುಟ್ಟದ್ದು ಎನ್ನುತ್ತಿದ್ದರು. ಸಿನಿಮಾಕ್ಕೆ ಅವರು ಒಲ್ಲೆ ಎಂದರೂ ಆಕೆ ಹಟ ಹಿಡಿದು ಕರೆತಂದಿದ್ದಳು.

ಪರದೆಯ ಮೇಲೆ ಜೀಪಿಗೆ ಬೆಂಕಿ ಹತ್ತಿತು. ಒಳಗೆ ಸಿಕ್ಕಿಕೊಂಡವನು ಕಿರುಚುತ್ತಿದ್ದ. ಇನ್ನೊಬ್ಬ ಕಾದ ಬಾಗಿಲನ್ನು ಬರಿಗೈಯಲ್ಲಿ ಹಿಡಿದು ಎಳೆಯುತ್ತಿದ್ದ.

"ಅಣ್ಣಯ್ಯಾ, ನಮ್ಮಣ್ಣ ಹೀಂಗೇ ಸತ್ತದ್ದಾ?"

"ಅಲ್ಲ ಮಾರಾಯ್ತಿ! ಒಂದೇ ಗುಂಡ್. ಇದೆಲ್ಲ ಸುಳ್ಳ್, ಬರೀ ಸುಳ್ಳ್!" ಅವರ ದನಿ ಹಾಲ್‌ ಪೂರ್ತಿ ಕೇಳಿಸಿತು.

"ಎಂತದಾ ಸುಳ್ಳ್?" ಹಿಂದಿನ ಸಾಲಿನವನೊಬ್ಬ ಎದ್ದ. "ಸೈನಿಕರ್ ಸತ್ತದ್ ಸುಳ್ಳಾ? ನೀ ಯಾವ ದೇಶದವ?"

"ನಾ ಅಲ್ಲಿದ್ದವ."

"ಬೊಂಬಾಯಿ ಹೋಟ್ಲಗೆ ಲೋಟ ತೊಳ್ದದ್ದನ್ನ ಮಿಲಿಟ್ರಿ ಅಂತ್ಯಾ?"

ಸಾಲುಗಳು ನಕ್ಕವು. ಇನ್ನೊಬ್ಬ ಕೂಗಿದ: "ಹ್ವಾಯ್, ಮಿಲಿಟ್ರಿಯವ ಆದ್ರೆ ಎಂತಾರೂ ಗುರ್ತ್ ತೋರ್ಸ್ ಕಾಂಬ!"

ಅವರು ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

ಮೊದಲ ಏಟು ಕೆನ್ನೆಗೆ ಬಿತ್ತು. ನಾಲ್ಕೈದು ಜನ ಕುರ್ಚಿ ದಾಟಿ ಬಂದು ಅವರನ್ನು ಕೆಳಕ್ಕೆ ಕೆಡವಿ ತುಳಿದರು. ಆಕೆ ಒಬ್ಬನ ಕೈ ಕಚ್ಚಿ ಹಿಡಿದಳು. ಅವನು ಆಕೆಯ ತಲೆಯನ್ನು ಕುರ್ಚಿಯ ಕಬ್ಬಿಣಕ್ಕೆ ಬಡಿದ. ನಾನು ಎಳೆದವನ ಅಂಗಿ ಮಾತ್ರ ನನ್ನ ಕೈಗೆ ಬಂತು. ಪರದೆಯ ಗುಂಡಿನ ಸದ್ದಿನಲ್ಲಿ ಏಟಿನ ಸದ್ದು ಕೇಳುತ್ತಿರಲಿಲ್ಲ. ಯಾರೋ ಕೊಡೆಯಲ್ಲಿ ತಿವಿದರು. ಮುಖಕ್ಕೆ ಅಡ್ಡ ಹಿಡಿಯಲು ಅವರು ಕೈ ಹೊರಗೆ ತೆಗೆಯಲಿಲ್ಲ. ಕೊಡೆಯ ತುದಿ ಕಣ್ಣಿಗೆ ಹೊಕ್ಕಿತು. ದೀಪ ಹಾಕಿದಾಗ ಹೊಡೆದವರು ಬಾಗಿಲು ದಾಟಿದ್ದರು.

ಆಸ್ಪತ್ರೆಯಲ್ಲಿ ನರ್ಸ್ ರಕ್ತ ತೊಳೆಯಲು ಅವರ ಬೆರಳುಗಳನ್ನು ಬಿಡಿಸಿದಳು. ಎರಡೂ ಅಂಗೈಗಳಲ್ಲಿ ಅಡ್ಡಕ್ಕೆ ನೇರವಾದ ಕಲೆಯಿತ್ತು, ಕಾದ ಅಂಚೊಂದನ್ನು ಬಿಗಿಯಾಗಿ ಹಿಡಿದಂತೆ. ತಲೆಗೆ ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದ ಆಕೆ ಅದನ್ನು ತುಂಬ ಹೊತ್ತು ನೋಡಿದಳು.

"ಇದ್ ಒಲೆ ಸುಟ್ಟದ್ದಲ್ಲ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ನಮ್ಮಣ್ಣ ಕಡೀಗೆ ಎಂತ ಹೇಳ್ದ?"

"ನೀರ್ ಕೇಳ್ದ."

"ಕೊಟ್ರಿಯಾ?"

"ಇರ್ಲಿಲ್ಲ."

ಚಿತ್ರಮಂದಿರದಲ್ಲಿ ಹೊಡೆದಾಟ, ಒಬ್ಬರಿಗೆ ಗಂಭೀರ ಗಾಯ ಎಂದು, ಆಗ ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆಯುತ್ತಿದ್ದ ನಾನು ವರದಿ ಕಳಿಸಿದೆ. ಪೊಲೀಸರಿಗೆ ಹೇಳಿಕೆ ಕೊಟ್ಟೆ. ಕತ್ತಲಲ್ಲಿ ಕಂಡ ಮುಖಗಳನ್ನು ಗುರುತಿಸಲು ನನ್ನಿಂದಾಗಲಿಲ್ಲ. ಯಾರ ಬಂಧನವೂ ಆಗಲಿಲ್ಲ. ಅಣ್ಣನ ಸಾವಿನ ಮಾತನ್ನು ಆಕೆ ನಮ್ಮ ಅಂಗಳದಲ್ಲಿ ಮತ್ತೆ ಎತ್ತಲಿಲ್ಲ.

2011ರಲ್ಲಿ ಅವರು ವಂಡ್ಸೆಯ ಮನೆಯಲ್ಲಿ ತೀರಿಕೊಂಡರು. ಕೊನೆಗೆ ಬಾಯಿಗೆ ನೀರು ಬಿಟ್ಟವಳು ಆಕೆ.