ಹಂಸಭಾವಿಯಿಂದ ಬಂದ ಆಡು

ಮೊನ್ನೆ ಪಕ್ಕದ ಮನೆಯಲ್ಲಿ ಯಾರದೋ ಜ್ವರಕ್ಕೆಂದು ಆಡಿನ ಹಾಲು ಕಾಯಿಸುತ್ತಿದ್ದರು. ಕಿಟಕಿಯಿಂದ ಆ ವಾಸನೆ ತೇಲಿ ಬಂತು. ತುಸು ಒಗರು, ತುಸು ಉಪ್ಪು, ಜಾಲಿಕಾಯಿ ತಿಂದ ಬಾಯಿಯ ಬಿಸಿಯುಸಿರಿನಂಥದ್ದು. ಸೋಸುತ್ತಿದ್ದ ಸೊಪ್ಪನ್ನು ಉಡಿಯಲ್ಲೇ ಬಿಟ್ಟು ಕುಳಿತುಬಿಟ್ಟೆ. ತಿಳವಳ್ಳಿಯ ನಮ್ಮ ಮನೆ, ಅದರ ಹಿತ್ತಲು, ಹುಣಸೆಮರದ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಹಾಲು ಹಿಂಡುತ್ತಿದ್ದ ಅತ್ತೆ, ಎಲ್ಲ ಒಮ್ಮೆಲೇ ಎದ್ದು ಬಂದವು. ಈಗ ಇಲ್ಲದ ಮನೆಯೊಂದು ನಿಮಗೂ ಇದ್ದರೆ, ನಾನು ಹೇಳುವುದು ನಿಮಗೆ ತಿಳಿದೀತು.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಹೊತ್ತು ಮುಳುಗುವುದರೊಳಗೇ ಉಂಡು ಮುಗಿಸುತ್ತಿದ್ದೆವು. ನನಗೆ ಏಳು ವರ್ಷ. ತಮ್ಮ ಬಸುವನ್ನು ಹೆತ್ತ ಮೂರನೆಯ ದಿನ ಅವ್ವ ತೀರಿಕೊಂಡಳು. ನೆರೆಯವರು ಕೊಟ್ಟ ಎಮ್ಮೆಯ ಹಾಲು ಕೂಸಿಗೆ ಹಿಡಿಸಲಿಲ್ಲ; ಕುಡಿದದ್ದನ್ನೆಲ್ಲ ಕಕ್ಕಿ ಕೀರಲು ದನಿಯಲ್ಲಿ ಅಳುತ್ತಿತ್ತು. ಸುದ್ದಿ ಕೇಳಿ ಅಪ್ಪನ ತಂಗಿ ನೀಲವ್ವ ಅತ್ತೆ ಹಂಸಭಾವಿಯಿಂದ ನಡೆದೇ ಬಂದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಒಂದು ಕೈಯಲ್ಲಿ ಈದು ಹದಿನೈದು ದಿನವಾಗಿದ್ದ ಆಡಿನ ಹಗ್ಗ, ಕಂಕುಳಲ್ಲಿ ಅದರ ಮರಿ. ಕಾಲು ತೊಳೆಯುವ ಮೊದಲೇ, "ಅಣ್ಣಾ, ಕೂಸಿಗೆ ಇದರ ಹಾಲು ಹಿಡಸ್ತೈತಿ. ನಾ ಇನ್ನ ಇಲ್ಲೇ ಇರ್ತೇನಿ, ನೀ ಹೊಲಕ್ಕ ಹೋಗು," ಎಂದಳು. ಅವ್ವ ಹೋದಂದಿನಿಂದ ಮಾತೇ ಆಡದಿದ್ದ ಅಪ್ಪ ಹಿತ್ತಲಿಗೆ ಹೋಗಿ ಆಡಿಗೊಂದು ಗೂಟ ಬಡಿದ.

ಅಂದಿನಿಂದ ನಮ್ಮ ದಿನವೆಲ್ಲ ಆ ಆಡಿನ ಸುತ್ತಲೇ. ಅತ್ತೆ ಗಳದ ತುದಿಗೆ ಕುಡಗೋಲು ಕಟ್ಟಿ ಜಾಲಿಯ ಟೊಂಗೆ ಇಳಿಸುತ್ತಿದ್ದಳು. ನಾನು ಮುಳ್ಳು ತಪ್ಪಿಸಿ ಬಾರೆಕಂಟಿಯ ಎಲೆ ಕಿತ್ತು ತರುತ್ತಿದ್ದೆ. ಒದ್ದೆ ಎಲೆ ತಿಂದರೆ ಹೊಟ್ಟೆ ಉಬ್ಬುತ್ತದೆಂದು ಮಳೆಯ ದಿನ ಅವನ್ನು ಒಲೆಯ ಮುಂದೆ ಹರವಿ ಆರಿಸುತ್ತಿದ್ದಳು. ಅಡುಗೆಮನೆಯೆಲ್ಲ ಹಸಿರಿನ ಘಮ. ಹಾಲಿನ ಹಂಚಿಕೆಯಲ್ಲಿ ಅವಳದೇ ಒಂದು ನ್ಯಾಯವಿತ್ತು. "ದೇವರು ಎರಡು ಮೊಲಿ ಸುಮ್ನ ಕೊಟ್ಟಾನೇನು? ಒಂದು ಬಸೂಗ, ಒಂದು ಮರಿಗೆ," ಎನ್ನುತ್ತಿದ್ದಳು. ಹಿಂಡುವವರೆಗೂ ಮರಿಯನ್ನು ಬುಟ್ಟಿಯ ಕೆಳಗೆ ಮುಚ್ಚಿ ಮೇಲೊಂದು ಕಲ್ಲು ಹೇರುತ್ತಿದ್ದಳು. ಆಮೇಲೆ ಬಸುವನ್ನು ಕಾಲ ಮೇಲೆ ಹಾಕಿಕೊಂಡು ಒಳಲೆಯಿಂದ ಹನಿಹನಿಯಾಗಿ ಕುಡಿಸುತ್ತಿದ್ದಳು. ಅವನು ಅವಳ ಕಿರುಬೆರಳು ಹಿಡಿದುಕೊಂಡೇ ನುಂಗುತ್ತಿದ್ದ. ಅತ್ತೆ ನಕ್ಕದ್ದನ್ನು ನಾನು ಕಂಡದ್ದು ಆ ಹೊತ್ತಿನಲ್ಲಿ ಮಾತ್ರ.

ತಿಂಗಳು ಕಳೆದು ಮಳೆ ಹಿಡಿಯಿತು. ಬಸುವಿನ ಹಸಿವು ಬೆಳೆಯಿತು, ಆಡಿನ ಹಾಲು ಇಳಿಯಿತು. ಅತ್ತೆ ಎರಡೂ ಮೊಲೆ ಹಿಂಡತೊಡಗಿದಳು. ಮರಿಗೆ ಉಳಿದ ನಾಲ್ಕು ಹನಿ ಮತ್ತು ನಾನು ಕುಡಿಸುವ ನುಚ್ಚಿನ ಗಂಜಿ. ಅದರ ಪಕ್ಕೆಲುಬು ಎಣಿಸುವಂತಾಯಿತು. ಒಂದು ಬೆಳಿಗ್ಗೆ ಅದರ ಕೂಗು ಕೇಳಲಾಗದೆ ನಾನೇ ಕಲ್ಲು ಇಳಿಸಿ ಬುಟ್ಟಿ ಎತ್ತಿಬಿಟ್ಟೆ. ಅತ್ತೆ ಚರಿಗೆ ಹಿಡಿದು ಬರುವಷ್ಟರಲ್ಲಿ ಕೆಚ್ಚಲು ಜೋತುಬಿದ್ದಿತ್ತು.

"ಯಾರು ಬಿಟ್ರು ಇದನ್ನ?"

"ತಾನ ಬುಟ್ಟಿ ಕೆಡವಿ ಬಂತು," ಎಂದೆ.

ಅವಳು ಕಲ್ಲಿನ ಕಡೆಗೊಮ್ಮೆ ನೋಡಿದಳು. ಆಡಿನ ಹಾಲಿಗಾಗಿ ಬಟ್ಟಲು ಹಿಡಿದು ಮನೆಮನೆ ತಿರುಗಿ ಬರಿಗೈಯಲ್ಲಿ ಬಂದಳು. ಆ ದಿನವೆಲ್ಲ ಬಸುವಿಗೆ ಗಂಜಿಯ ತಿಳಿ. ಅವನು ಅತ್ತದ್ದನ್ನು ನಾನು ಕಣಜದ ಹಿಂದೆ ಕಿವಿ ಮುಚ್ಚಿ ಕುಳಿತು ಕೇಳಿದೆ.

ಅದಾದ ಎಂಟು ದಿನಕ್ಕೆ ಊರಲ್ಲಿ ಮಕ್ಕಳಿಗೆ ಜ್ವರ ಬಂತು. ನಮ್ಮ ಓಣಿಯಲ್ಲೇ ಮೂರು ಕೂಸು ಹೋದವು. ಮೂರನೆಯದು ಬಸು. ಅಪ್ಪ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮಳೆಯಲ್ಲೇ ಹೊಲದ ಕಡೆ ನಡೆದ. ಅತ್ತೆ ಹೊಸ್ತಿಲಲ್ಲಿ ನಿಂತೇ ಇದ್ದಳು. ಆ ದಿನ ಆಡನ್ನು ಯಾರೂ ಹಿಂಡಲಿಲ್ಲ. ಮರುದಿನ ಬೆಳಿಗ್ಗೆ ಕೆಚ್ಚಲು ಬಿಗಿದು ಅದು ನೋವಿನಿಂದ ಒರಲತೊಡಗಿತು. ಅತ್ತೆ ಹೋಗಿ ಬುಟ್ಟಿ ಎತ್ತಿದಳು. "ಹೋಗವ್ವಾ, ಇನ್ನ ಎರಡೂ ನಿಂದ," ಎಂದು ಮರಿಯ ಬೆನ್ನು ಸವರಿ ಅಲ್ಲೇ ಕೆಸರಿನಲ್ಲಿ ಕುಸಿದಳು. ಅವಳು ಅತ್ತದ್ದು ಆಗಲೇ.

ನನಗೆ ತಡೆಯಲಾಗಲಿಲ್ಲ. "ಅತ್ತೀ, ಅವತ್ತ ಬುಟ್ಟಿ ಎತ್ತಿದಾಕಿ ನಾನ. ಅದಕ್ಕ ಬಸು ಹೋದ್ನಾ?"

"ನೀನ ಅಂತ ಗೊತ್ತಿತ್ತು ನಂಗ. ಕಲ್ಲು ತಾನ ಇಳದು ಕುಂದ್ರತೈತೇನು?" ಎಂದು ನನ್ನನ್ನು ಎಳೆದುಕೊಂಡಳು. "ನಿನ್ನಿಂದ ಅಲ್ಲವ್ವಾ. ಹಸದದ್ದರ ಮಾರಿ ನೋಡಿ ನೀ ಬಿಟ್ಟಿ. ದಿನಾ ನೋಡಿನೂ ನಾ ಬಿಡಲಿಲ್ಲ. ಇಬ್ಬರೊಳಗ ಯಾರದು ತಪ್ಪಂತ ಹೇಳ್ಲಿ?"

ಅತ್ತೆ ಹಂಸಭಾವಿಗೆ ಮರಳಿ ಹೋಗಲಿಲ್ಲ. ಆ ಮರಿ ಬೆಳೆದು ಈದು, ಅದರ ಮರಿಗಳೂ ಈದು ಹಿತ್ತಲು ತುಂಬಿತು. ತಾಯಿ ಇಲ್ಲದ ಕೂಸು ಯಾರ ಮನೆಯಲ್ಲಿದ್ದರೂ ಅವಳ ಚರಿಗೆ ಅಲ್ಲಿಗೆ ಹೋಗುತ್ತಿತ್ತು. ತಾನು ಮಾತ್ರ ಮತ್ತೆಂದೂ ಹಾಲು ಬಾಯಿಗಿಡಲಿಲ್ಲ. ನಾನು ಮದುವೆಯಾಗಿ ದುಂಡಸಿಗೆ ಬಂದೆ. ಮೊದಲು ಅಪ್ಪ ಹೋದ, ಆಮೇಲೆ ಅತ್ತೆ. ಈಗ ಆ ಜಾಗದಲ್ಲಿ ಬೇರೆಯವರ ಮನೆ ಇದೆ.

ಬಸುವಿನದು ಒಂದು ಪಟವೂ ಇಲ್ಲ. ಎರಡು ತಿಂಗಳು ಬದುಕಿದವನ ಪಟ ಯಾರು ತೆಗೆಸುತ್ತಾರೆ? ಅವನನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಅವನು ಅಳುವ ದನಿ ಇನ್ನೂ ನೆನಪಿದೆ. ಮುಖ ಮಾತ್ರ, ಎಷ್ಟು ಕಣ್ಣು ಮುಚ್ಚಿ ಕುಳಿತರೂ, ಈಗೀಗ ಮೂಡುವುದಿಲ್ಲ.